ಅಕ್ಕೋರ ಮುಂದೆ ನೆಕ್ಕಿದ ಕಲ್ಲು

ಅಣುವಿದ್ಯುತ್ ಸ್ಥಾವರದ ಕಸವನ್ನು ನೆಲದಾಳದಲ್ಲಿ ಹುಗಿದಿಡಲು ಯಾವ ಕಲ್ಲು ಯೋಗ್ಯ ಎಂದು ತೀರ್ಮಾನಿಸುವ ಪರಿಣತರಲ್ಲಿ ನಾನೂ ಒಬ್ಬ. ಜೇಡಿಕಲ್ಲು ನನ್ನ ವಿಷಯ. ಜೇಡಿಮಣ್ಣು ಯುಗಗಟ್ಟಲೆ ಒತ್ತಿ ಒತ್ತಿ ಕಲ್ಲಾದದ್ದು. ನೀರನ್ನು ಸುಲಭಕ್ಕೆ ಒಳಗೆ ಬಿಡುವುದಿಲ್ಲ. ಇಂಥ ಘನಕಾರ್ಯದಲ್ಲಿ ತೊಡಗಿದವನನ್ನು ಕಂಡು ಒಂದನೇ ಇಯತ್ತೆಯಲ್ಲಿ ಅಕ್ಷರ ಕಲಿಸಿದ ಅಕ್ಕೋರು ಹೆಮ್ಮೆಪಡಬೇಡವೇ? ರಜೆಗೆ ಶಿರಸಿಗೆ ಬಂದವನೇ ಸಿದ್ದಾಪುರದ ಅವರ ಮನೆಗೆ ಹೊರಟೆ. ಕಿಸೆಯಲ್ಲೊಂದು ಜೇಡಿಕಲ್ಲಿನ ಚೂರು.

"ಅಕ್ಕೋರ ಮನೆಗೆ ಕಲ್ಲು ಹಿಡ್ಕಂಡು ಹೋಗದ? ಬಾಳೆಹಣ್ಣಾದ್ರೂ ತಗಳಿ" ಎಂದಳು ಹೆಂಡತಿ, ಸ್ಕೂಟರಿನ ಹಿಂದೆ ಕೂರುತ್ತ.

"ಹಣ್ಣು ಎಲ್ಲರೂ ಕೊಡ್ತ. ಇದು ವಿಜ್ಞಾನ" ಎಂದೆ.

ದಾರಿಯಲ್ಲಿ ಅವಳು ಹಣ್ಣನ್ನೇ ಕೊಂಡಳು.

ಅಕ್ಕೋರು ಜಗಲಿಯಲ್ಲಿದ್ದರು. ತಲೆ ಪೂರ್ತಿ ಬೆಳ್ಳಗಾಗಿದೆ, ಬೆನ್ನು ಮಾತ್ರ ಇನ್ನೂ ನೆಟ್ಟಗೆ. ಹೆಸರು ಹೇಳಿದೆ, ಗುರುತು ಹತ್ತಲಿಲ್ಲ. ಅಪ್ಪನ ಹೆಸರು, ಪದವಿ, ಹುದ್ದೆ ಎಲ್ಲವನ್ನೂ ನಿವೇದಿಸಿದೆ.

"ನೆನಪಾಗ್ತಿಲ್ಲೆ ತಮಾ. ಎಷ್ಟೋ ಮಕ್ಕಗೆ ಕಲ್ಸಿದ್ದಿ. ಎಂತ ಕೆಲ್ಸ ನಿಂದು?"

ಮನಸ್ಸಿಗೆ ಪಿಚ್ಚೆನಿಸಿತು. ಕೈಹಿಡಿದು ಅ ಆ ತಿದ್ದಿಸಿದವರಿಗೆ ನಾನು ಯಾರೂ ಅಲ್ಲವೇ? ಕೆಲಸವನ್ನು ವಿಸ್ತಾರವಾಗಿಯೇ ವಿವರಿಸಿದೆ.

"ಅಂದ್ರೆ ಕಸ ಹುಗಿಯ ಕೆಲ್ಸ" ಎಂದರು ಅಕ್ಕೋರು. "ಯಮ್ಮನೆ ಹಿತ್ಲು ಬ್ಯಾಡ, ಮಾರಾಯ."

ಹೆಂಡತಿ ನಗು ನುಂಗಿದಳು. ಇನ್ನು ಪ್ರಾತ್ಯಕ್ಷಿಕೆಯೇ ಗತಿ!

"ನಯದ ಜೇಡಿ ಹೌದೋ ಅಲ್ದೋ ಹೇಳಿ ತಿಳಿಯಲೆ ನಾಲಿಗೆಗೆ ಮುಟ್ಸಿ ನೋಡದು, ಅಕ್ಕೋರೆ" ಎಂದು ಕಲ್ಲನ್ನು ನಾಲಿಗೆಗೆ ಒತ್ತಿದೆ. ಒಳ್ಳೆಯ ಜೇಡಿ ನಾಲಿಗೆಗೆ ಅಂಟುತ್ತದೆ. ಇದು ಅತ್ಯುತ್ತಮ ಜೇಡಿ. ಎಳೆದರೂ ಬರಲಿಲ್ಲ!

"ಅಹ್ಹೋಹೇ" ಎಂದೆ. ಅಕ್ಕೋರೇ ಎಂದು ಓದಿಕೊಳ್ಳತಕ್ಕದ್ದು.

ಹೆಂಡತಿ ಗಾಬರಿಯಿಂದ ಜಗಲಿಯಲ್ಲಿದ್ದ ಚೊಂಬಿನ ನೀರನ್ನು ಬಾಯಿಗೆ ಹೊಯ್ದಳು. ನೆಲದಾಳದ ಒತ್ತಡದಲ್ಲಿ ಗಟ್ಟಿಯಾಗಿ ನಿಲ್ಲುವ ಈ ಕಲ್ಲು, ಒಣಗಿಸಿ ನೀರು ಹಾಕಿದರೆ ಬಿರಿದು ಪುಡಿಯಾಗುತ್ತದೆ. ವರದಿಯಲ್ಲಿ ನಾನೇ ಬರೆದಿದ್ದೆ. ಕಲ್ಲು ಬಾಯಲ್ಲೇ ಕೆಸರಾಯಿತು. ಅರ್ಧ ಗಂಟಲಿಗಿಳಿಯಿತು, ಇನ್ನರ್ಧ ಗಲ್ಲದ ಮೇಲೆ ಹರಿಯಿತು.

ಅಕ್ಕೋರು ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. ಮುಖ ಅರಳಿತು.

"ಬಳಪ ತಿಂತಿದ್ದ ಮಾಣಿ ಅಲ್ದನಾ ನೀನು?"

ಹೌದು. ಪಾಟಿಯ ಮೇಲೆ ಒಂದಕ್ಷರ ಬರೆದು, ಉಳಿದ ಬಳಪವನ್ನು ತಿಂದು ಮುಗಿಸುತ್ತಿದ್ದವನು ನಾನೇ. ಒದ್ದೆ ಪಾಟಿಯ ವಾಸನೆ, ಹಲ್ಲಿನಡಿ ನುಣ್ಣಗೆ ಕರಗುವ ಆ ತಂಪು ರುಚಿ, ನನಗೆ ಸಿಗದಂತೆ ಅಕ್ಕೋರು ಬಳಪವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಿದ್ದದ್ದು, ಎಲ್ಲ ಒಮ್ಮೆಗೇ ನೆನಪಾಗಿ ಕಣ್ಣು ತುಂಬಿತು. ಪದವಿಗೆ ಹತ್ತದ ಗುರುತು ಕೆಸರುಬಾಯಿಗೆ ಹತ್ತಿತ್ತು. ನಾಚಿಕೆಗಿಂತ ಸಂತೋಷವೇ ಹೆಚ್ಚಾಯಿತು.

ಅಕ್ಕೋರು ಕೈಚಾಚಿ ನನ್ನ ಕಿವಿ ಹಿಡಿದರು.

"ಬಾಯಿ ತೆಗಿ, ನೋಡನ. ಇನ್ನೂ ಎಷ್ಟಿದ್ದು?"

ದೇಶದ ಜೇಡಿಕಲ್ಲು ಪರಿಣತನು ಕಣ್ಣು ಮುಚ್ಚಿ, ಅಗಲವಾಗಿ ಬಾಯಿ ತೆರೆದನು.