ಫೌಜಿ ಬೀಗರು

ನಮ್ಮ ಕಡೆಯ ಜನ ಫುಟ್‌ಬಾಲ್ ನೋಡಲು ಬಂದು, ಬರೀ ಫುಟ್‌ಬಾಲ್ ನೋಡಿಕೊಂಡು ಮನೆಗೆ ಹೋದದ್ದನ್ನು ನಾನು ಕಂಡವನಲ್ಲ. ಪ್ರತಿ ಸಲ ಏನಾದರೊಂದು ಆಗಿಯೇ ಆಗುತ್ತದೆ. ಒಮ್ಮೆ ಚೆಂಡು ಬಾವಿಗೆ ಬಿತ್ತು. ಇನ್ನೊಮ್ಮೆ ರೆಫ್ರಿ ಬೇವಿನ ಮರ ಏರಿ ಕೂತು, ಅಲ್ಲಿಂದಲೇ ಸೀಟಿ ಊದಿ ಆಟ ಮುಗಿಸಿದ. ಇವು ನಮಗೆ ರೂಢಿಯಾಗಿದ್ದವು. ಆದರೆ ಫೌಜಿ ಶಾಲೆಯ, ಅಂದರೆ ಸೈನ್ಯದ ಶಾಲೆಯ, ಹುಡುಗರು ಆಡಲು ಬಂದಾಗ ನಡೆದದ್ದನ್ನು ನೆನೆದರೆ ಈಗಲೂ ನನ್ನ ಎದೆ ಧಸಕ್ಕೆನ್ನುತ್ತದೆ. ಏಕೆಂದರೆ ಆ ಸಲ ನಮ್ಮ ಜನ ಬಹಳ ಚೆನ್ನಾಗಿ ನಡೆದುಕೊಂಡರು.

ಅದು ನಿಜಾಮರ ಕಾಲ. ಎರಡನೆಯ ಮಹಾಯುದ್ಧ ಇನ್ನೂ ಶುರುವಾಗಿರಲಿಲ್ಲ. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಕಡೆಯವರು ಕೂಡಿ ಒಂದು ಟೀಮು ಕಟ್ಟಿದ್ದೆವು. ಆಳಂದದಲ್ಲಿ ಮಾಸ್ತರಿಕೆ ಮಾಡಿಕೊಂಡಿದ್ದ ನಾನು ಅದರ ಸೆಕ್ರೆಟರಿ. ಹಿಂದಿನ ವರ್ಷ ಹೊರಗಿನಿಂದ ಬಂದ ಒಂದು ಟೀಮನ್ನು ನಮ್ಮ ಪ್ರೇಕ್ಷಕರು ಜೋಳದ ಹೊಲದ ತುಂಬ ಅಟ್ಟಾಡಿಸಿದ್ದರು. ಅವರ ಗೋಲ್‌ಕೀಪರ್ ಸಂಜೆ ಒಂದು ಅಟ್ಟಣಿಗೆಯ ಮೇಲೆ, ಹಕ್ಕಿ ಕಾಯುವವನ ಪಕ್ಕದಲ್ಲಿ, ತಾನೂ ಕವಣೆ ಹಿಡಿದುಕೊಂಡು ಕೂತದ್ದು ಸಿಕ್ಕಿತ್ತು.

ಆದ್ದರಿಂದ ಈ ಸಲ ತಹಶೀಲ್ದಾರ ಸಾಹೇಬರು ನನ್ನನ್ನು ಮೊದಲೇ ಕರೆಸಿದರು. "ಬರುವವರು ಫೌಜಿ ಶಾಲೆಯ ಕೆಡೆಟ್ಟುಗಳು. ಜೊತೆಗೆ ಒಬ್ಬ ಕಪ್ತಾನರು ಇರುತ್ತಾರೆ. ಹೊರಡುವಾಗ ಅವರನ್ನು ಒಂದೇ ಮಾತು ಕೇಳುತ್ತೇನೆ, ಜನ ಹೇಗೆ ನಡೆದುಕೊಂಡರು ಅಂತ. ಅವರು ಮುಖ ಗಂಟಿಕ್ಕಿದರೆ ನಿಮ್ಮ ಮೈದಾನದಲ್ಲಿ ಮರುವಾರದಿಂದಲೇ ದನದ ಸಂತೆ" ಎಂದರು.

ಆಳಂದದ ಸುತ್ತಮುತ್ತ ಸಮತಟ್ಟಾದ ನೆಲ ಇದ್ದದ್ದು ಅದೊಂದೇ. ಉಳಿದದ್ದೆಲ್ಲ ಬಿರುಕು ಬಿಟ್ಟ ಎರೆಹೊಲ. ಅಲ್ಲಿ ಚೆಂಡು ಒದ್ದರೆ ಹುಡುಕಲು ಹಗ್ಗ ಇಳಿಬಿಡಬೇಕು. ಮೈದಾನ ಹೋದರೆ ಟೀಮೂ ಹೋದ ಹಾಗೆ. ಬಂದವರೊಡನೆ ಹೇಗೆ ನಡೆದುಕೊಳ್ಳಬೇಕೆಂದು ಜನಕ್ಕೆ ಕಲಿಸಿ ಬರಲು ನಾನು ಹೊರಟೆ.

ಜೇವರ್ಗಿಯ ಅನುಮಾನ

ಮೊದಲು ಜೇವರ್ಗಿಗೆ ಹೋದೆ. ಗಟ್ಟಿ ದನಿಯ ಪ್ರೇಕ್ಷಕರು ಅಲ್ಲಿಯವರು. ಅವರಿಗೆಲ್ಲ ಮುಂದಾಳು ಹತ್ತಿ ಅಡತಿ ಅಂಗಡಿಯ ಒಬ್ಬ ಹಮಾಲ. ಅವನು ಬಾಯಿ ತೆರೆದರೆ ಎದುರಾಳಿ ಚೆಂಡು ಬಿಟ್ಟು ಕಿವಿ ಹಿಡಿದುಕೊಳ್ಳುತ್ತಿದ್ದ.

"ಈ ಸಲ ಬಂದವರಿಗೆ ಯಾರೂ ಬೈಯಂಗಿಲ್ಲ" ಎಂದೆ.

ಹಮಾಲ ತಲೆಯ ಮೇಲಿನ ಹತ್ತಿ ಅಂಡಿಗೆ ಇಳಿಸಿ ನನ್ನನ್ನೇ ನೋಡಿದ. "ಬೈಯಂಗಿಲ್ಲಂದ್ರ ಆಟ ನೋಡೋದು ಹ್ಯಾಂಗ್ರಿ ಮಾಸ್ತರ?"

"ಕಣ್ಣಿಲೆ ನೋಡ್ರಿ."

"ಬರೇ ಕಣ್ಣಿಲೆ ನೋಡಾಕ ಅಷ್ಟು ದೂರ ಯಾಕ ಬರಬೇಕ್ರಿ? ಇಲ್ಲೇ ಕುಂತು ಎಮ್ಮಿ ನೋಡ್ತೀವಿ." ಅಂಡಿಗೆಯ ಮೇಲೆ ಕೂತ. "ರೆಫ್ರಿಗೆ ಬೈಬಹುದೇನ್ರಿ?"

"ಇಲ್ಲ."

"ಅವರ ಲಾರಿ ಡ್ರೈವರಗ?"

"ಯಾರಿಗೂ ಇಲ್ಲೋ ಮಾರಾಯ!"

ಸುತ್ತಲಿನವರ ಮುಖ ಸಾವಿನ ಮನೆಯವರಂತೆ ಆಯಿತು. ಹಮಾಲ ನೆಲ ನೋಡುತ್ತ, ಕೊನೆಯ ಆಸೆ ಕೇಳುವವನ ಹಾಗೆ ಮೆಲ್ಲಗೆ ಕೇಳಿದ. "ನಮ್ಮವರಿಗೆ ಬೈಬಹುದಿಲ್ರಿ?"

ತಹಶೀಲ್ದಾರರು ಅದರ ಬಗ್ಗೆ ಏನೂ ಹೇಳಿರಲಿಲ್ಲ. "ಅದು ನಿಮ್ಮ ಮನಿ ವಿಚಾರ" ಎಂದೆ.

ಎಲ್ಲರಿಗೂ ಜೀವ ಬಂತು. ಹಮಾಲ ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ನಮ್ಮ ಟೀಮಿನ ಸೆಕ್ರೆಟರಿಯ ಬಗ್ಗೆ, ಅವನ ಅಜ್ಜನ ಬಗ್ಗೆ, ಅವನು ನಡೆಯುವ ರೀತಿಯ ಬಗ್ಗೆ ನಾನು ಹುಟ್ಟಿದಾಗಿನಿಂದ ಕೇಳದ ಮಾತುಗಳನ್ನು ಹೇಳಿದ. ಅಡತಿಯ ಪಾರಿವಾಳಗಳು ಹಾರಿಹೋದವು. ಮುಗಿಸಿ, ನನ್ನ ಕಡೆ ಬಾಗಿ, ಬಹಳ ಮರ್ಯಾದೆಯಿಂದ ಕೇಳಿದ.

"ದನಿ ಇಷ್ಟು ಸಾಕೇನ್ರಿ, ಇನ್ನಾ ತುಸು ಬೇಕ್ರಿ?"

ಕಾಲಿಗೆ ನೀರು

ಅಫಜಲಪುರದ ಗೌಡರು ಹಿರಿಯರು, ತೂಕದ ಮನುಷ್ಯರು. ನನ್ನ ಮಾತು ಪೂರ್ತಿ ಕೇಳಿ, "ಬೈಯದಿದ್ರ ಸಾಲ್ದು ಮಾಸ್ತರ. ಬೀಗರು ಬಂದ್ರ ಹ್ಯಾಂಗ ನೋಡ್ಕೋತೀವಿ, ಹಂಗ ನೋಡ್ಕೋಬೇಕು. ನೀವು ಚಿಂತಿ ಬಿಡ್ರಿ. ಎಲ್ಲಾ ನನ್ನ ಮ್ಯಾಲ ಬಿಡ್ರಿ" ಎಂದರು. ನಾನು ನಿಶ್ಚಿಂತನಾಗಿ ಎಲ್ಲವನ್ನೂ ಅವರ ಮೇಲೆ ಬಿಟ್ಟೆ.

ಪಂದ್ಯದ ದಿನ ಗುಲ್ಬರ್ಗಾ ಸ್ಟೇಷನ್ನಿನಿಂದ ಫೌಜಿನ ಲಾರಿ ಆಳಂದಕ್ಕೆ ಬಂತು. ಕೆಡೆಟ್ಟುಗಳು ಇಳಿದು ಒಂದೇ ಸಾಲಿನಲ್ಲಿ ನಿಂತರು. ಬೂಟುಗಳು ಕನ್ನಡಿಯಂತೆ ಹೊಳೆಯುತ್ತಿದ್ದವು. ಗೌಡರು ತಾಮ್ರದ ಕೊಡ ಹೊತ್ತ ಆಳುಗಳೊಡನೆ ಎದುರಾದರು. ಹಿಂದೆ ತಟ್ಟೆ ತುಂಬ ಬೆಲ್ಲ. ಮನೆಗೆ ಬಂದ ಬೀಗರಿಗೆ ನಮ್ಮಲ್ಲಿ ಮೊದಲು ಕಾಲಿಗೆ ನೀರು, ಆಮೇಲೆ ಬೆಲ್ಲ, ಆಮೇಲೆ ಮಾತು.

"ಬೂಟು ತೆಗೀರಿ, ಕಾಲಿಗೆ ನೀರು ತಗೋರಿ" ಎಂದರು ಗೌಡರು.

ಸಾಲು ಅಲುಗಲಿಲ್ಲ. ಕಪ್ತಾನರು ಉರ್ದುವಿನಲ್ಲಿ ನನಗೆ ತಿಳಿಸಿದರು. ಪೆರೇಡಿನಲ್ಲಿ ನಿಂತವರು ಬೂಟು ತೆಗೆಯುವ ಪದ್ಧತಿ ಫೌಜಿನಲ್ಲಿ ಇಲ್ಲ. ನಾನು ಗೌಡರಿಗೆ ಹೇಳಿದೆ. ಕಾಲಿಗೆ ನೀರು ಕೊಡದೆ ಒಳಗೆ ಕರೆಯುವ ಪದ್ಧತಿ ತಮ್ಮ ಮನೆತನದಲ್ಲಿ ಇಲ್ಲ ಎಂದರು ಗೌಡರು. ಅದನ್ನು ಕಪ್ತಾನರಿಗೆ ಹೇಳಿದೆ. ಅವರು ಗೌಡರನ್ನು ನೋಡಿದರು. ಗೌಡರು ಅವರನ್ನು ನೋಡಿದರು. ಇಬ್ಬರೂ ಮೀಸೆಯ ಮನುಷ್ಯರು.

ಕೊನೆಗೆ ಗೌಡರೇ ದಾರಿ ತೋರಿಸಿದರು. "ಅವರ ಪದ್ಧತಿ ಅವರು ಬಿಡೋದು ಬ್ಯಾಡ. ನಮ್ಮದು ನಾವು ಬಿಡೋದು ಬ್ಯಾಡ. ಹಾಕ್ರಲೇ ನೀರು!"

ಆಳುಗಳು ಸಾಲಿನ ಉದ್ದಕ್ಕೂ ಬೂಟಿನ ಬಾಯಿ ನೋಡಿ ನೋಡಿ ನೀರು ಹೊಯ್ದರು. ಎದೆ ಸೆಟೆಸಿ ನಿಂತ ಕೆಡೆಟ್ಟುಗಳು ಕಣ್ಣು ಮಿಟುಕಿಸಲಿಲ್ಲ. ಬೆಲ್ಲ ಬಾಯಲ್ಲಿಟ್ಟುಕೊಂಡು, ಪಚಕ್ ಪಚಕ್ ಎನ್ನುತ್ತ, ಹೆಜ್ಜೆಗೆ ಹೆಜ್ಜೆ ತಪ್ಪದಂತೆ ಮೈದಾನಕ್ಕೆ ಹೋದರು. ಬರಿಗಾಲಲ್ಲಿ ಕಾಯುತ್ತಿದ್ದ ನಮ್ಮ ಆಟಗಾರರು ಆ ಸದ್ದು ಕೇಳಿ, ಬರುತ್ತಿರುವುದು ಎಮ್ಮೆಗಳ ಹಿಂಡೆಂದು ತಿಳಿದು ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ಗೋಲ್‌ಕೀಪರನ ಅವ್ವ

ಆಟ ಶುರುವಾಯಿತು. ನಮ್ಮ ಹುಡುಗನೊಬ್ಬ ಚೆಂಡು ಕಸಿದುಕೊಂಡು ಮೂವರನ್ನು ದಾಟಿ ಗೋಲು ಹೊಡೆದ. ಹಿಂದೆಲ್ಲ ಹೀಗಾದರೆ ರುಮಾಲುಗಳು ಆಕಾಶಕ್ಕೆ ಹೋಗುತ್ತಿದ್ದವು. ಈಗ ಮೈದಾನದ ಸುತ್ತ ಒಂದು ಕೆಮ್ಮೂ ಇಲ್ಲ. ಗೋಲು ಹೊಡೆದವನು ಮೇಲೆತ್ತಿದ ಕೈ ಹಾಗೇ ಇಳಿಸಿ, ತನ್ನಿಂದ ಏನು ತಪ್ಪಾಯಿತೆಂದು ಸುತ್ತ ನೋಡತೊಡಗಿದ.

ಆಗ ಜೇವರ್ಗಿಯ ಹಮಾಲನ ದನಿ ಎದ್ದಿತು. "ಬೀಗರ ಮುಂದ ಸೊಕ್ಕು ತೋರಸ್ತಿಯೇನಲೇ? ಮನ್ಯಾಗ ಹಿರೇರು ಕಲಿಸಿಲ್ಲೇನು?" ಜೇವರ್ಗಿಯವರೆಲ್ಲ ಆ ಮಾತನ್ನು ಹಿಡಿದು ಮುಂದುವರಿಸಿದರು. ಗೌಡರು ಕಪ್ತಾನರ ಹತ್ತಿರ ಹೋಗಿ ಕೈಮುಗಿದು, "ತಪ್ಪಾತ್ರಿ ಸಾಹೇಬ್ರ. ಹುಡುಗ ತಿಳಿಗೇಡಿ. ಮನಸಿಗೆ ಹಚ್ಕೋಬ್ಯಾಡ್ರಿ" ಎಂದು ಕ್ಷಮೆ ಕೇಳಿದರು.

ಇದಕ್ಕಿಂತ ದೊಡ್ಡ ಆಘಾತ ಕಾದಿತ್ತು. ನಮ್ಮ ಗೋಲ್‌ಕೀಪರನ ಅವ್ವ ಮೈದಾನದ ಪಕ್ಕದ ಕೆರೆಯ ಏರಿಯ ಮೇಲೆ ಹೆಂಗಸರ ನಡುವೆ ಕೂತಿದ್ದಳು. ಮಗ ಕೆಡೆಟ್ಟುಗಳ ಹೊಡೆತವನ್ನು ಹಾರಿ ಹಾರಿ ತಡೆಯುವುದನ್ನು ನೋಡುವಷ್ಟು ನೋಡಿ, ಕೊನೆಗೆ ಸೆರಗು ಸಿಕ್ಕಿಸಿಕೊಂಡು ನೆಟ್ಟಗೆ ಗೋಲಿನ ಹಿಂದೆ ಬಂದು ನಿಂತಳು.

"ಬಿಡಲೇ, ಒಂದಾದ್ರೂ ಒಳಗ ಬಿಡಲೇ! ಅಷ್ಟು ದೂರದಿಂದ ಬಂದಾರ!"

"ಅವ್ವಾ, ಇದು ಆಟ ಅದ. ನೀ ಮನಿಗಿ ಹೋಗ."

"ಏನ್ ಆಟಲೇ? ಬಾಗಿಲದಾಗ ನಿಂತು ಬಂದವರಿಗಿ ಒಳಗ ಬಿಡವಲ್ಲಿ. ಇದಾ ಏನು ನಾ ಕಲಿಸಿದ್ದು?"

ಉತ್ತರ ಕೊಡಲು ಅವನು ಹಿಂದೆ ತಿರುಗಿದ. ಚೆಂಡು ಒಳಗೆ ಹೋಯಿತು.

ಮೈದಾನಕ್ಕೆ ಮೈದಾನವೇ ಕೇಕೆ ಹಾಕಿತು. ಡೊಳ್ಳು ಬಾರಿಸಿದರು, ಗುಲಾಲು ಎರಚಿದರು, ಗೋಲು ಹೊಡೆದ ಕೆಡೆಟ್ಟನನ್ನು ಹೆಗಲ ಮೇಲೆ ಹೊತ್ತುಕೊಂಡು ಊರೊಳಗೆ ಮೆರವಣಿಗೆ ಹೊರಟರು. ಆಟ ಇನ್ನೂ ನಡೆಯುತ್ತಿತ್ತು. ಕೆಡೆಟ್ಟುಗಳು ಒಬ್ಬನಿಲ್ಲದೆಯೇ ಆಡಿ, ತಲಾ ಒಂದು ಗೋಲಿನ ಸಮದಲ್ಲಿ ಮುಗಿಸಿದರು.

ಇದನ್ನೆಲ್ಲ ನೋಡುತ್ತಿದ್ದ ಕಪ್ತಾನರು ನನ್ನನ್ನು ಬದಿಗೆ ಕರೆದು, ಮರುಕದಿಂದ ಕೇಳಿದರು.

"ಪಾಪ, ನಿಮ್ಮ ಟೀಮಿನ ಕಡೆಯವರು ಒಬ್ಬರೂ ಬಂದಿಲ್ಲವೆ?"

ಕಡಾಣಿ

ಗುಲಾಲು ಮೆತ್ತಿದ ಕೆಡೆಟ್ಟನನ್ನು ಬಿಡಿಸಿಕೊಂಡು ಬಂದು ಎಲ್ಲರೂ ಲಾರಿ ಏರಿದರು. ತಹಶೀಲ್ದಾರರೂ ಬೀಳ್ಕೊಡಲು ತಮ್ಮ ಮೋಟಾರಿನಲ್ಲಿ ಬಂದಿದ್ದರು. ಇನ್ನೇನು ಅವರು ಆ ಒಂದು ಮಾತು ಕೇಳಬೇಕು, ಕಪ್ತಾನರು ಉತ್ತರ ಹೇಳಬೇಕು, ಮೈದಾನ ನಮ್ಮದಾಗಬೇಕು.

ಡ್ರೈವರ್ ಇಳಿದು ಮುಂದೆ ಹೋಗಿ ಹ್ಯಾಂಡಲು ತಿರುಗಿಸಿದ. ಲಾರಿ ಮಾತಾಡಲಿಲ್ಲ. ಬಾನೆಟ್ಟು ಎತ್ತಿದ. ಎತ್ತಿದವನು "ಯಾ ಅಲ್ಲಾ!" ಎಂದು ಅಲ್ಲೇ ನೆಲದ ಮೇಲೆ ಕೂತ. ಕಪ್ತಾನರು ಇಣುಕಿದರು. ತಹಶೀಲ್ದಾರರು ಇಣುಕಿದರು. ನಾನೂ ಇಣುಕಿದೆ. ಬಾನೆಟ್ಟಿನ ಕೆಳಗೆ ಬಿಚ್ಚಲು ಬರುವಂಥದು ಒಂದೂ ಉಳಿದಿರಲಿಲ್ಲ.

"ಸರ್ಕಾರಿ ಫೌಜಿನ ಲಾರಿ!" ತಹಶೀಲ್ದಾರರು ಸುತ್ತ ನಿಂತವರ ಕಡೆ ತಿರುಗಿದರು. "ಯಾರು ಮಾಡಿದ್ದು?"

ಗೌಡರು ನಗುತ್ತ ಮುಂದೆ ಬಂದರು. ಅವರಿಗೆ ಭಯವೂ ಇಲ್ಲ, ಗುಟ್ಟೂ ಇಲ್ಲ. "ನಾವ ಮಾಡೀವ್ರಿ."

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮಲ್ಲಿ ಬೀಗರು ಬಂದ ದಿನವೇ ಹೊರಟರೆ ಮನೆಯವರಿಗೆ ಅವಮಾನ. ಅದಕ್ಕೆ ಅವರ ಚಕ್ಕಡಿಯ ಕಡಾಣಿಯನ್ನು, ಅಂದರೆ ಗಾಲಿ ಕಳಚದಂತೆ ಅಚ್ಚಿನ ತುದಿಗೆ ಸಿಗಿಸುವ ಕಬ್ಬಿಣದ ಕೀಲನ್ನು, ಯಾರಿಗೂ ಕಾಣದಂತೆ ತೆಗೆದಿಡುತ್ತಾರೆ. ಉಂಡು ಉಳಿದು ಹೋಗುವಾಗ ಕೊಡುತ್ತಾರೆ. ಕಡಾಣಿ ತೆಗೆಯದೆ ಕಳಿಸಿದ ಮನೆಗೆ ಮತ್ತೆ ಬೀಗರು ಬರುವುದಿಲ್ಲ.

ಇದನ್ನು ನಾನು ಕಪ್ತಾನರಿಗೆ ಬಿಡಿಸಿ ಹೇಳಿದೆ. ಅವರು ಹಣೆಯ ಬೆವರು ಒರೆಸಿಕೊಂಡು, "ಕಡಾಣಿ ಒಂದೇ ಅಲ್ಲವೆ? ಇವರು ಇಷ್ಟೆಲ್ಲ ಯಾಕೆ ತೆಗೆದರು?" ಎಂದು ಕೇಳಿದರು.

ನಾನು ಅದನ್ನು ಕನ್ನಡದಲ್ಲಿ ಹೇಳಿದಾಗ ಗೌಡರು ಸ್ವಲ್ಪ ನಾಚಿದರು. "ನಿಮ್ಮ ಲಾರಿಗಿ ಕಡಾಣಿ ಯಾವುದು ಅಂಬೋದು ನಮಗ ತಿಳೀಲಿಲ್ರಿ. ಅದಕ್ಕ ಕೈಗಿ ಬಂದದ್ದು ಎಲ್ಲಾ ತಗದೀವಿ."

"ಈಗ ಅವೆಲ್ಲ ಎಲ್ಲಿವೆ?"

"ಎಲ್ಲಾ ಊರಾಗ ಅವ್ರಿ. ಕಡಗಂಚಿಯವರು ಒಂದಿಷ್ಟು ಒಯ್ದಾರ, ಮಟಕಿಯವರು ಒಂದಿಷ್ಟು. ಭೀಮಾ ಹೊಳಿ ದಂಡಿ ಸೊನ್ನದವರು ಏನೋ ಒಂದು ದುಂಡಂದು ಒಯ್ದಾರ. ಯಾರ ಮನ್ಯಾಗ ಊಟ ಮಾಡ್ತೀರಿ, ಅವರು ತಮ್ಮ ಪಾಲಿಂದು ಕೊಡ್ತಾರ."

ಶತ್ರು ಮುತ್ತಿಗೆ ಹಾಕಿದರೆ ಏನು ಮಾಡಬೇಕೆಂದು ಕಪ್ತಾನರು ಕಲಿತಿದ್ದಿರಬೇಕು. ಊಟಕ್ಕೆ ಕರೆದರೆ ಏನು ಮಾಡಬೇಕೆಂದು ಕಲಿತಿರಲಿಲ್ಲ. ಕೊನೆಗೆ ಹುಡುಗರನ್ನು ಸಣ್ಣ ಸಣ್ಣ ತುಕಡಿ ಮಾಡಿ, ಒಂದೊಂದು ತುಕಡಿಯನ್ನು ಒಂದೊಂದು ಊರಿಗೆ ಊಟದ ಡ್ಯೂಟಿಯ ಮೇಲೆ ಕಳಿಸಿದರು. ಸೊನ್ನಕ್ಕೆ ತಹಶೀಲ್ದಾರರ ಮೋಟಾರನ್ನೇ ಕೊಡಬೇಕಾಯಿತು. ಅದರ ಸುತ್ತ ನಾಲ್ಕು ಮಂದಿ ಜವಾನರು ಕಾವಲಿದ್ದರೂ ಅದು ಒಂದು ಕಡೆಯ ದೀಪವಿಲ್ಲದೆ ವಾಪಸು ಬಂತು. ಸೊನ್ನದವರು ತಹಶೀಲ್ದಾರರನ್ನೂ ಊಟಕ್ಕೆ ಕರೆದಿದ್ದಾರೆಂದು ಅದರ ಅರ್ಥ.

ಮರುದಿನ ಕೆಡೆಟ್ಟುಗಳು ತುಕಡಿ ತುಕಡಿಯಾಗಿ ಮರಳಿದರು. ಒಬ್ಬನ ಕೈಯಲ್ಲಿ ತಿರುಪು, ಇನ್ನೊಬ್ಬನ ಕೈಯಲ್ಲಿ ರಬ್ಬರಿನ ಕೊಳವೆ. ಹೋಳಿಗೆ ತುಪ್ಪ ಉಂಡು ಯಾರಿಗೂ ಬಾಗಲು ಬರುತ್ತಿರಲಿಲ್ಲ. ಸೆಲ್ಯೂಟು ಹೊಡೆಯಲು ಕೈ ಎತ್ತಿದವರು ಇನ್ನೊಂದು ಕೈಯಿಂದ ಹೊಟ್ಟೆ ಹಿಡಿದುಕೊಳ್ಳುತ್ತಿದ್ದರು. ಡ್ರೈವರ್ ಎಲ್ಲವನ್ನೂ ಕೂಡಿಸಿ, ಬಿಗಿದು, ಹ್ಯಾಂಡಲು ತಿರುಗಿಸಿದ. ಲಾರಿ ಗುಡುಗಿತು. ನಾವೆಲ್ಲ ಚಪ್ಪಾಳೆ ತಟ್ಟಿದೆವು.

ಡ್ರೈವರನ ಮುಖದಲ್ಲಿ ಮಾತ್ರ ಗೆಲುವಿಲ್ಲ. ಅವನ ಕೈಯಲ್ಲಿ ಒಂದು ಸಾಮಾನು ಮಿಕ್ಕಿತ್ತು. "ಸಾಬ್, ಇದು ಎಲ್ಲಿಯದೋ ತಿಳಿಯುತ್ತಿಲ್ಲ" ಎಂದು ಕಪ್ತಾನರಿಗೆ ಕೊಟ್ಟ.

ಅದು ಬೀಸುಕಲ್ಲಿನ ಕಟ್ಟಿಗೆಯ ಗೂಟ. ಮಟಕಿಯ ಒಬ್ಬ ಅಜ್ಜಿಯ ಪಾಲಿಗೆ ಲಾರಿಯದು ಏನೂ ಸಿಕ್ಕಿರಲಿಲ್ಲವಂತೆ. ಬೀಗರು ಎಲ್ಲರ ಮನೆಗೂ ಹೋಗಿ ತನ್ನ ಮನೆಗೆ ಬರದೆ ಹೋದಾರೆಂದು, ಆಕೆ ತನ್ನ ಬೀಸುಕಲ್ಲಿನ ಗೂಟ ಕಿತ್ತು, ಇದೂ ಲಾರಿಯದೇ ಎಂದು ತೋರಿಸಿ, ಇಬ್ಬರು ಕೆಡೆಟ್ಟುಗಳಿಗೆ ಹೊಟ್ಟೆ ಬಿರಿಯುವಂತೆ ಉಣಿಸಿ ಕಳಿಸಿದ್ದಳು.

ಆ ಗೂಟ ಹಿಡಿದು ನಿಂತ ಕಪ್ತಾನರ ಬಳಿಗೆ ತಹಶೀಲ್ದಾರರು ಹೋದರು. ನಾನೂ ಹಿಂದೆಯೇ ಹೋದೆ.

"ಕಪ್ತಾನ ಸಾಹೇಬರೇ, ನಿಜ ಹೇಳಿ. ಈ ಜನ ಹೀಗೆ ನಡೆದುಕೊಂಡ ಮೇಲೆ ಈ ಮೈದಾನದಲ್ಲಿ ದನದ ಸಂತೆ ಮಾಡುವುದೇ ಸರಿಯಲ್ಲವೆ?"

ಕಪ್ತಾನರು ಮೈದಾನ ನೋಡಿದರು. ಮತ್ತೊಂದು ತಟ್ಟೆ ಬೆಲ್ಲ ಹಿಡಿದು ಅವರ ಕಡೆಗೇ ಬರುತ್ತಿದ್ದ ಗೌಡರನ್ನು ನೋಡಿದರು. ಲಗುಬಗೆಯಿಂದ ಲಾರಿ ಏರಿ ಬಾಗಿಲು ಹಾಕಿಕೊಂಡು, ಕಿಟಕಿಯಿಂದ ತಲೆ ಹೊರಗೆ ಹಾಕಿ ಹೇಳಿದರು.

"ಬೇಡಿ ತಹಶೀಲ್ದಾರರೇ, ಆಟವನ್ನೇ ಇಟ್ಟುಕೊಳ್ಳಿ. ನಾವು ಫೌಜಿನವರು, ಹೇಗೋ ಪಾರಾದೆವು. ದನಗಳನ್ನು ಕರೆಸಿದರೆ ಅವು ತಿರುಗಿ ಊರು ಮುಟ್ಟುವುದಿಲ್ಲ."