ಬೆರಳಗಲದ ಗಾಳಿ

ಎಲ್ಲಕ್ಕೂ ಕಾರಣ ಬೆರಳಗಲದ ಒಂದು ಸಂದಿ. ಕತ್ಸುಬೆ ಫುಮಿಯೊನ ಮಲಗುವ ಕೋಣೆಯ ಕಿಟಕಿಗೂ ಅದರ ಚೌಕಟ್ಟಿಗೂ ಅವನ ಅಜ್ಜನ ಕಾಲದಿಂದ ಮನಸ್ತಾಪವಿತ್ತು. ಎರಡೂ ಒಂದನ್ನೊಂದು ಮುಟ್ಟುತ್ತಿರಲಿಲ್ಲ. ನವೆಂಬರ್ ಬಂತೆಂದರೆ ಬೆಟ್ಟದ ಗಾಳಿ ಕರೆಯದೆ ಬಂದ ನೆಂಟನ ಹಾಗೆ ಆ ಸಂದಿಯಿಂದ ಒಳಗೆ ನುಗ್ಗಿ ಗಂಡ ಹೆಂಡಿರ ನಡುವೆ ಮಲಗುತ್ತಿತ್ತು.

ಹೆಂಡತಿ ಸುಮಿಯೆ ಎಷ್ಟೋ ಚಳಿಗಾಲ ಸಹಿಸಿದ್ದಳು. ಈ ಸಲ ಮೊದಲ ಗಾಳಿ ಬೀಸಿದ ಬೆಳಿಗ್ಗೆಯೇ ಪೆಟ್ಟಿಗೆ ಕಟ್ಟಿ ಹಮಾದಾ ಪಟ್ಟಣದ ತಂಗಿಯ ಮನೆಗೆ ಹೊರಟಳು.

"ಗಾಳಿ ನಿಂತ ದಿನ ಫೋನ್ ಮಾಡಿ, ಬರ್ತೀನಿ. ಅಲ್ಲೀವರೆಗೂ ಅದರ ಜೊತೇನೇ ಸಂಸಾರ ಮಾಡ್ಕೊಂಡಿರಿ."

ಫುಮಿಯೊ ಜೀವನವಿಡೀ ಬಸ್ಸು ಓಡಿಸಿದವನು. ಬೇರೆಯವರನ್ನು ಮನೆ ಮುಟ್ಟಿಸುವುದು ಬಿಟ್ಟರೆ ಬೇರೆ ವಿದ್ಯೆ ಅವನಿಗೆ ಗೊತ್ತಿರಲಿಲ್ಲ. ಕೆಲವು ದಿನ ಒಬ್ಬನೇ ಸಾರು ಕಾಯಿಸಿಕೊಂಡು ಕುಡಿದ. ಸಾರು ಪ್ರತಿ ದಿನ ಹಿಂದಿನ ದಿನಕ್ಕಿಂತ ಕೆಟ್ಟಿತು. ಕೊನೆಗೆ ಒದಾ ಪೇಟೆಯ ಬಡಗಿಯನ್ನು ಕರೆಸಿ ಗುಟ್ಟಾಗಿ ಅಲ್ಯೂಮಿನಿಯಂ ಕಿಟಕಿ ಹಾಕಿಸಿದ.

ಗುಟ್ಟಾಗಿ, ಏಕೆಂದರೆ ಅವರ ಊರಾದ ಒಮೊರಿಯಲ್ಲಿ ಅಲ್ಯೂಮಿನಿಯಂ ಎನ್ನುವುದು ನಾಲ್ಕು ಜನರ ಎದುರು ಎತ್ತುವ ಮಾತಲ್ಲ. ಬೆಟ್ಟದ ಗಣಿಯಲ್ಲಿ ಬೆಳ್ಳಿ ಮುಗಿದು ಎಷ್ಟೋ ಕಾಲವಾಯಿತು. ಊರು ಈಗ ಅಗೆದು ಮಾರುತ್ತಿರುವುದು ತನ್ನ ಹಳೆಯತನವನ್ನು. ಬೀದಿಗೆ ಮರ, ಮಣ್ಣು, ಕೆಂಪು ಹೆಂಚು ಬಿಟ್ಟು ಬೇರೇನೂ ಕಾಣಬಾರದು. ತಂಪು ಪಾನೀಯದ ಯಂತ್ರಕ್ಕೂ ಮರದ ಅಂಗಿ ತೊಡಿಸಿದ್ದಾರೆ.

"ಮುಂದೆ ಒಂದು ಮರದ ಜಾಲರಿ ಹೊಡೆದ್ರೆ ದೇವರಿಗೂ ಕಾಣಲ್ಲ" ಎಂದ ಬಡಗಿ. "ಜಾಲರಿ ಮುಂದಿನ ವಾರ ತರ್ತೀನಿ."

ಆ ರಾತ್ರಿ ಫುಮಿಯೊ ಚಳಿಯ ಟೋಪಿಯಿಲ್ಲದೆ ಮಲಗಿದ. ಮಲಗುವ ಮೊದಲು ಹೆಂಡತಿಗೆ ಫೋನ್ ಮಾಡಿದ್ದ. ಅವಳು, "ನಾಳೆ ಮಧ್ಯಾಹ್ನದ ಬಸ್ಸಿಗೆ ಬರ್ತೀನಿ" ಎಂದಿದ್ದಳು.

ಬೆಳಿಗ್ಗೆ ಬಾಗಿಲು ತಟ್ಟಿದ್ದು ಬೀದಿಯ ಮುಖಂಡ ಮಿಶಿರೊ. ಅಕ್ಕಿಮದ್ಯದ ಅಂಗಡಿಯವನು, ಯಾವ ಸುದ್ದಿಯನ್ನೂ ಸಾವಿನ ಸುದ್ದಿಯ ಹಾಗೆಯೇ ಹೇಳುವವನು.

"ಸಂರಕ್ಷಣಾ ಕಚೇರಿಯವರು ಇವತ್ತು ಬರ್ತಿದಾರೆ. ಮೊದಲು ಗಣಿ ನೋಡ್ತಾರಂತೆ, ಆಮೇಲೆ ಬೀದಿಗೆ ಇಳೀತಾರೆ. ಮನೆ ಮನೆ ಫೋಟೋ ತೆಗೀತಾರೆ" ಎಂದವನು ಕತ್ತು ತಿರುಗಿಸಿ ಕಿಟಕಿಯನ್ನು ನೋಡಿದ. ಮಣ್ಣಿನ ಗೋಡೆಯ ನಡುವೆ ಅದು ಮುದುಕನ ಬಾಯಲ್ಲಿ ಕಟ್ಟಿಸಿದ ಹೊಸ ಹಲ್ಲಿನ ಹಾಗೆ ಹೊಳೆಯುತ್ತಿತ್ತು. "ಏನಯ್ಯಾ ಇದು?"

"ಗಾಳಿ ಬರ್ತಿತ್ತು."

"ನಾನೂರು ವರ್ಷದಿಂದ ಈ ಊರಿಗೆ ಗಾಳಿ ಬರ್ತಿದೆ. ಯಾರಾದ್ರೂ ಕೇಳಿದ್ರಾ?"

ಫುಮಿಯೊ ಹಾಸಿಗೆಯ ರಜಾಯಿ ತಂದು ಕಿಟಕಿಯ ಮೇಲೆ ಇಳಿಬಿಟ್ಟ. ಪ್ರವಾಸಿಗರು ಓಡಾಡುವ ಬೀದಿಯಲ್ಲಿ ಹಾಸಿಗೆ ಒಣಹಾಕಬಾರದು ಎಂದು ಮಿಶಿರೊ ಅದನ್ನು ತೆಗೆಸಿದ. ಫುಮಿಯೊ ಒಳಗೆ ಹೋಗಿ ಕಂದು ಬೂಟ್ ಪಾಲಿಶಿನ ಡಬ್ಬಿ ತಂದು ಚೌಕಟ್ಟಿಗೆಲ್ಲ ಬಳಿದ. ದೂರದಿಂದ ಮರದಂತೆ ಕಾಣಬಹುದೆಂಬ ಆಸೆ. ಆದರೆ ಅವನ ಕೈಗೆ ಬಸ್ಸು ಒರೆಸಿದ ಅಭ್ಯಾಸ. ಬಳಿದದ್ದನ್ನು ಉಜ್ಜದೆ ಬಿಡಲು ಬರಲಿಲ್ಲ. ಕಿಟಕಿ ಈಗ ಮದುವೆಗೆ ಹೊರಟ ಬೂಟಿನಂತೆ ಮೊದಲಿಗಿಂತ ಹೆಚ್ಚು ಹೊಳೆಯಿತು.

"ಕಚೇರಿಯವರು ಕೂದಲು ಬಾಚ್ಕೊಳ್ಳೋಕೆ ಅನುಕೂಲ ಆಯ್ತು" ಎಂದಳು ಎದುರು ಮನೆಯ ತೊಮೆ ಅಜ್ಜಿ. ಅವಳು ಯಾವಾಗ ಬಂದು ನಿಂತಳೋ ಯಾರೂ ನೋಡಿರಲಿಲ್ಲ. "ಸುಮಿಯೆ ಇವತ್ತು ಬರ್ತಾಳಲ್ವಾ?"

"ನಿಮಗೆ ಹೇಗೆ ಗೊತ್ತು?"

"ನೀನು ಫೋನಲ್ಲಿ ಮಾತಾಡೋದು ಬಸ್ಸಲ್ಲಿ ಮಾತಾಡಿದ ಹಾಗೆ. ಹಿಂದಿನ ಸೀಟಿಗೂ ಕೇಳುತ್ತೆ. ತಡಿ, ನನ್ನ ಹತ್ರ ಮರ ಇದೆ."

ಅವಳ ಮರ ಎಂದರೆ ಅವಳ ಕೋಳಿಗೂಡಿನ ಬಾಗಿಲು. ಮಳೆ ಬಿಸಿಲಿಗೆ ಬೂದಿಬಣ್ಣ ತಿರುಗಿದ ಹಲಗೆಗಳು, ಕೆಳಗೆ ಕೋಳಿ ನುಗ್ಗುವಷ್ಟು ದೊಡ್ಡ ದುಂಡನೆಯ ಕಿಂಡಿ. ಅದನ್ನು ಕಿಟಕಿಯ ಮೇಲೆ ಮಿಶಿರೊ ಹಿಡಿದ, ಅಜ್ಜಿ ಅಳತೆ ಹೇಳಿದಳು, ಫುಮಿಯೊ ಮೊಳೆ ಹೊಡೆದ, ಜೊತೆಗೆ ಹೆಬ್ಬೆರಳಿಗೂ ಹೊಡೆದುಕೊಂಡ. ಬಾಗಿಲು ಕಳೆದುಕೊಂಡ ಕೋಳಿಗಳು ಬೀದಿಗೆ ಬಂದು, ಗಣಿ ನೋಡಲು ಹೊರಟಿದ್ದ ಪ್ರವಾಸಿಗರ ಜೊತೆ ಬೆರೆತು ಅಡ್ಡಾಡಿದವು.

ಕೆಲಸ ಮುಗಿಯುವವರೆಗೆ ಕಚೇರಿಯವರನ್ನು ತಡೆಯಬೇಕಿತ್ತು. ಪಕ್ಕದ ಮನೆಯ ತವಾರಾ ಗಣಿಯಲ್ಲಿ ಮಾರ್ಗದರ್ಶಿ. ಫುಮಿಯೊ ಅವನಿಗೆ ಫೋನ್ ಮಾಡಿದ.

"ಅವರನ್ನ ಸುರಂಗದೊಳಗೇ ಹಿಡಿದಿಟ್ಟಿರು ಮಾರಾಯ."

"ಎಷ್ಟು ಹೊತ್ತು?"

"ನಿನಗೆ ಬಾಯಿ ನೋಯೋವರೆಗೆ."

"ಹಾಗಾದ್ರೆ ಅವರು ಹೊಸ ವರ್ಷಕ್ಕೆ ಹೊರಗೆ ಬರ್ತಾರೆ" ಎಂದ ತವಾರಾ.

ಕೆಲಸ ಮುಗಿದಾಗ ಪ್ರವಾಸಿ ಹೆಂಗಸೊಬ್ಬಳು ನಿಂತು ಬಾಗಿಲನ್ನು ಮೇಲೆ ಕೆಳಗೆ ನೋಡಿದಳು. "ಈ ಕಿಂಡಿ ಯಾಕೆ?"

ಫುಮಿಯೊ ಬಾಯಿ ತೆರೆದ. ಅಜ್ಜಿ ಅವನ ಕಾಲು ತುಳಿದಳು. "ಬೆಳ್ಳಿ ಕಾಲದ್ದಮ್ಮ. ಕೈ ಒಳಗೆ ಹಾಕಿ ಬೆಳ್ಳಿ ಕೊಡ್ತಿದ್ರು. ಮುಖ ನೋಡೋ ಹಾಗಿಲ್ಲ, ಕೈ ಮಾತ್ರ." ಹೆಂಗಸು ಗೌರವದಿಂದ ತಲೆಬಾಗಿ, ಕಿಂಡಿಯಲ್ಲಿ ಕೈ ಹಾಕಿ ಫೋಟೋ ತೆಗೆಸಿಕೊಂಡಳು.

ಇನ್ನೇನು ಗೆದ್ದೆವು ಎನ್ನುವಾಗ ತವಾರಾ ಇಳಿಜಾರಿನಲ್ಲಿ ಓಡುತ್ತ ಬಂದ. ತಲೆಯ ಮೇಲೆ ಗಣಿಯ ಹೆಲ್ಮೆಟ್ ಹಾಗೆಯೇ ಇತ್ತು. ಫುಮಿಯೊನನ್ನು ನೋಡಿ ಕೈಯಾಡಿಸಿದ, ಏನೋ ಹೇಳಲು ಹೋದ, ಉಸಿರು ಸಾಲದೆ ನೇರ ತನ್ನ ಮನೆಗೆ ನುಗ್ಗಿದ. ಒಳಗಿನಿಂದ ಮರ ಕೀಳುವ ಸದ್ದು ಬಂತು. ಏನೆಂದು ನೋಡಲು ಮಿಶಿರೊ ಒಳಗೆ ಹೋದ. ಹೋದಷ್ಟೇ ವೇಗವಾಗಿ ಹೊರಬಿದ್ದು ತನ್ನ ಅಂಗಡಿಯ ಕಡೆ ಓಡಿದ. ಓಡುತ್ತ ಅಜ್ಜಿಯ ಕಿವಿಯಲ್ಲಿ ಏನೋ ಹೇಳಿದ. ಅಜ್ಜಿಯೂ ಓಡಿದಳು. ಅವಳು ಓಡಿದ್ದನ್ನು ಬೀದಿ ಆವರೆಗೆ ನೋಡಿರಲಿಲ್ಲ.

ಪಾಪ, ಅವರ ಮನೆಯಲ್ಲೂ ಮುಚ್ಚುವಂಥದ್ದು ಏನೋ ಇರಬೇಕು ಎಂದುಕೊಂಡ ಫುಮಿಯೊ. ಅವನ ಮನಸ್ಸಿನಲ್ಲಿ ಮೊದಲ ಬಾರಿಗೆ ಒಂದು ನೆಮ್ಮದಿ ಮೂಡಿತು. ಅವನದು ಮುಚ್ಚಿ ಆಗಿತ್ತು.

ಕಚೇರಿಯ ನೊತ್ಸು ಮೇಡಂ ಮನೆಮನೆಯ ಮುಂದೂ ನಿಂತು ಕೆಳಗಿಳಿದು ಬಂದಳು. ಸಣ್ಣ ದನಿ, ದೊಡ್ಡ ಕ್ಯಾಮೆರಾ. ಫುಮಿಯೊ ಬಾಗಿಲ ಪಕ್ಕ ಬಸ್ಸಿನ ಮುಂದೆ ನಿಲ್ಲುತ್ತಿದ್ದ ಹಾಗೆ ನೆಟ್ಟಗೆ ನಿಂತ. ಅವಳು ನೋಡಿದಳು, ಇನ್ನೂ ಹತ್ತಿರ ಬಂದು ಮೂಸಿದಳು, ಹಿಂದೆ ಸರಿದು ಫೋಟೋ ತೆಗೆದಳು. ಆಮೇಲೆ ಸೊಂಟದವರೆಗೂ ಬಾಗಿದಳು.

"ಕತ್ಸುಬೆ ಅವರೇ, ಇಡೀ ಬೀದಿಯಲ್ಲಿ ಹೀಗಿರೋದು ನಿಮ್ಮನೆ ಒಂದೇ."

"ಅಂದ್ರೆ?"

"ಈ ವರ್ಷದಿಂದ ಅಲ್ಯೂಮಿನಿಯಂ ಕಿಟಕಿಗೆ ಒಪ್ಪಿಗೆ ಸಿಕ್ಕಿದೆ. ವಯಸ್ಸಾದವರು ಚಳೀಲಿ ನಡುಗ್ತಾರಲ್ಲ ಅಂತ. ಇವತ್ತು ಯಾರ ಮನೇಲಿ ಏನಿದೆಯೋ ಅದು ದಾಖಲಾಗುತ್ತೆ, ಹಾಗೇ ಉಳೀಬಹುದು. ನಾಳೆಯಿಂದ ಹೊಸದು ಹಾಕೋ ಹಾಗಿಲ್ಲ. ಸುರಂಗದಲ್ಲಿ ತವಾರಾ ಅವರು ಬಿಡದೆ ಮಾತಾಡ್ತಿದ್ರು, ಅವರು ಉಸಿರು ತಗೊಂಡಾಗ ಹೇಳಿದೆ. ನೋಡಿದ್ರೆ ಎಲ್ಲರೂ ಜಾಲರಿ ಕಿತ್ತಿದಾರೆ, ಹಿಂದೆ ಅಲ್ಯೂಮಿನಿಯಂ. ನಿಜ ಹೇಳ್ಬೇಕಂದ್ರೆ ಬೇಜಾರಾಗಿತ್ತು. ನಿಮ್ಮನೆ ನೋಡಿ ಸಮಾಧಾನ ಆಯ್ತು."

ಫುಮಿಯೊ ಅಕ್ಕಪಕ್ಕ ನೋಡಿದ. ತವಾರಾನ ಮನೆಯಲ್ಲಿ, ಮಿಶಿರೊನ ಅಂಗಡಿಯ ಮಾಳಿಗೆಯಲ್ಲಿ, ಎದುರಿಗೆ ತೊಮೆ ಅಜ್ಜಿಯ ಮನೆಯಲ್ಲಿ, ಜಾಲರಿ ಕಿತ್ತ ಕಿಟಕಿಗಳು ಬಿಸಿಲಿಗೆ ಥಳಥಳಿಸುತ್ತಿದ್ದವು. ಬೆಳ್ಳಿ ಕಾಲದಲ್ಲೂ ಬೀದಿ ಇಷ್ಟು ಹೊಳೆದಿರಲಾರದು.

"ನಮ್ಮನೇಲೂ ಇದೆ ಮೇಡಂ. ಇದರ ಹಿಂದೆ." ಅವನು ಮೊಳೆಗೆ ಕೈ ಹಾಕಿದ.

"ಮುಟ್ಟಬೇಡಿ. ಅದೀಗ ದಾಖಲಾದ ಬಾಗಿಲು."

"ಇದು ಕೋಳಿಗೂಡಿಂದು."

"ವಾಸನೇಲೇ ಗೊತ್ತಾಯ್ತು. ಆದ್ರೆ ಮರ, ಹಳೇದು, ಬೀದಿಗೆ ಕಾಣುತ್ತೆ. ಕೋಳಿಗೂ ಒಂದು ಇತಿಹಾಸ ಇರುತ್ತಲ್ಲ."

"ನೀವೇ ನೋಡಿ, ಹಿಂದೆ ಕಿಟಕಿ ಇದೆ."

ಅವಳು ದನಿಯನ್ನು ಇನ್ನೂ ತಗ್ಗಿಸಿದಳು. "ಕತ್ಸುಬೆ ಅವರೇ, ಅದನ್ನ ನನಗೆ ತೋರಿಸ್ಬೇಡಿ. ಫೋಟೋದಲ್ಲಿ ಇಲ್ಲದ ಕಿಟಕಿ ಅಂದ್ರೆ ಫೋಟೋ ಆದ್ಮೇಲೆ ಹಾಕಿದ ಕಿಟಕಿ. ನಾನು ನೋಡದೇ ಇದ್ರೆ ಅದು ಇಲ್ಲ. ಇಲ್ಲದೇ ಇರೋದನ್ನ ತೆಗೆಸೋಕೆ ಆಗಲ್ಲ."

ಇದಕ್ಕಿಂತ ಸ್ಪಷ್ಟವಾಗಿ ಯಾವ ಅಧಿಕಾರಿಯೂ ಕಣ್ಣು ಮಿಟುಕಿಸಲಾರ. ಆದರೆ ಫುಮಿಯೊ ಟಿಕೆಟ್ ಇದೆ ಎಂದರೆ ತೋರಿಸಿ ಎನ್ನುತ್ತಿದ್ದ ಕಾಲದ ಮನುಷ್ಯ. ಕಿಂಡಿಯಲ್ಲಿ ಕೈ ತೂರಿಸಿ ಗಾಜನ್ನು ಬೆರಳಿನಿಂದ ಬಡಿದ. ಟಣ್, ಟಣ್.

ನೊತ್ಸು ಮೇಡಂ ಕಣ್ಣು ಮುಚ್ಚಿದಳು. "ಕೇಳಿಸಿಬಿಡ್ತು" ಎಂದಳು.

ಇದೆ ಎಂದು ಗೊತ್ತಾದ ಕಿಟಕಿಯನ್ನು ಕೀಳಲು ಬೀದಿಯೆಲ್ಲ ಬಂತು. ಎಲ್ಲರ ಮನೆಗೂ ಒಪ್ಪಿಗೆ ಸಿಕ್ಕಿದ ದಿನ ಒಬ್ಬನಿಂದ ಬೀದಿಯ ಮಾನ ಹೋಗಬಾರದು ಎಂದು ಮಿಶಿರೊ ತಾನೇ ಒಳಗಿನಿಂದ ತಿರುಪು ಬಿಚ್ಚಿದ. "ನಿನಗೆ ಹೇಳೋಣ ಅಂತಾನೇ ಓಡಿ ಬಂದಿದ್ದು ಕಣೋ" ಎಂದ ತವಾರಾ, ಇನ್ನೊಂದು ತುದಿ ಹಿಡಿದು. "ನಮ್ಮನೆ ಜಾಲರಿ ಗಟ್ಟಿ ಇತ್ತು. ಅದೇ ತಡ ಆಯ್ತು." ಹಳೆಯ ಕಿಟಕಿಯನ್ನು ಬಡಗಿ ಹೊಸದು ಹಾಕಿದ ದಿನವೇ ಸೌದೆಗೆ ಒಯ್ದಿದ್ದ. ಗೋಡೆಯಲ್ಲಿ ಈಗ ಉಳಿದದ್ದು ಬಾಗಿಲು ಮತ್ತು ಕಿಂಡಿ. ಬೆರಳಗಲದ ಗಾಳಿಗೆ ಹೆಬ್ಬಾಗಿಲೇ ಸಿಕ್ಕಿತ್ತು.

ಮಧ್ಯಾಹ್ನದ ಬಸ್ಸಿನಿಂದ ಸುಮಿಯೆ ಇಳಿದಳು. ಮನೆಯ ಮುಂದೆ ಪೆಟ್ಟಿಗೆ ಇಟ್ಟು ಬಾಗಿಲನ್ನು ನೋಡಿದಳು, ಬಗ್ಗಿ ಕಿಂಡಿಯಲ್ಲಿ ಇಣುಕಿದಳು. ಒಳಗೆ ಗಂಡ ಟೋಪಿ ಹಾಕಿಕೊಂಡು ಕುಳಿತಿದ್ದ.

"ಗಾಳಿ ನಿಂತಿದೆ ಅಂದ್ರಲ್ಲ."

"ನಿಂತಿತ್ತು. ನಿನ್ನೆ."

ಅವಳು ಜಗಳವಾಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು. ತೊಮೆ ಅಜ್ಜಿ ಬಂದು ಪೆಟ್ಟಿಗೆ ಎತ್ತಿಕೊಂಡಳು. "ಹಮಾದಾವರೆಗೂ ಯಾಕೆ ಹೋಗ್ತೀಯ? ನನ್ನ ಮನೆ ಬೆಚ್ಚಗಿದೆ. ಚಳಿಗಾಲ ಮುಗಿಯೋವರೆಗೆ ಇಲ್ಲೇ ಇರು. ಗಂಡನೂ ಕಣ್ಣೆದುರಿಗೇ ಇರ್ತಾನೆ."

ಸುಮಿಯೆ ಬೀದಿ ದಾಟಿದಳು. ಎದುರು ಮನೆಯ ಅಲ್ಯೂಮಿನಿಯಂ ಕಿಟಕಿ ಮೆತ್ತಗೆ, ಒಂದು ಕೂದಲೂ ತೂರದ ಹಾಗೆ ಮುಚ್ಚಿಕೊಂಡಿತು.

ಹೊತ್ತು ಮುಳುಗುವಾಗ ಅಜ್ಜಿ ಮತ್ತೆ ಬಂದಳು. ಕೈಯಲ್ಲಿ ಉದ್ದನೆಯ ಹಲಗೆ, ಹಿಂದೆ ಕೋಳಿಗಳ ಸಾಲು.

"ಬಾಗಿಲು ವಾಪಸ್ ಕೊಡೋ ಹಾಗಿಲ್ವಂತೆ, ಕೇಳಿದೆ. ಬಾಗಿಲಿಲ್ಲದ ಗೂಡಲ್ಲಿ ಬಿಟ್ರೆ ನರಿ ಹಿಡಿಯುತ್ತೆ. ಬಾಗಿಲು ಎಲ್ಲಿದೆಯೋ ಇವೂ ಅಲ್ಲೇ ಇರ್ಲಿ. ಬೆಳಿಗ್ಗೆ ಮೊಟ್ಟೆ ತಗೊಂಡು ಹೋಗ್ತೀನಿ, ಸುಮಿಯೆಗೆ ಇಷ್ಟ."

ಅವಳು ಹಲಗೆಯನ್ನು ಕಿಂಡಿಗೆ ಆನಿಸಿ ಇಟ್ಟಳು. ಕೋಳಿಗಳು ತಮ್ಮ ಬಾಗಿಲನ್ನು ಗುರುತು ಹಿಡಿದು, ಒಂದರ ಹಿಂದೆ ಒಂದು ಹತ್ತಿ ಒಳಗೆ ಬಂದವು. ಫುಮಿಯೊ ಬಸ್ಸಿನಲ್ಲಿ ಹೇಳುತ್ತಿದ್ದ ಹಾಗೆ, "ಒಳಗೆ ನಡೀರಿ, ಒಳಗೆ ನಡೀರಿ, ಹಿಂದೆ ಜಾಗ ಇದೆ" ಎಂದು ಹೇಳಿ, ಸುಮಿಯೆಯ ಹಾಸಿಗೆಯನ್ನು ಸರಿಸಿದ.