ಎದುರುಮನೆಯಲ್ಲಿ ಉಳಿದ ಥೀಸಿಸ್

ಡಾಕ್ಟರೇಟ್ ಮುಗಿಸಿದವನು ಮುಂದೇನು ಮಾಡಬೇಕು ಎನ್ನುವುದು ಅವನೊಬ್ಬನನ್ನು ಬಿಟ್ಟು ಬೀದಿಗೆಲ್ಲ ಗೊತ್ತಿರುತ್ತದೆ. ಎಪ್ಪತ್ತರ ದಶಕದ ನಮ್ಮ ವಿಜಯನಗರದಲ್ಲಿ ಖಾಲಿ ಸೈಟುಗಳು ಬೇಕಾದಷ್ಟಿದ್ದವು, ಸಲಹೆಗಳು ಅದಕ್ಕಿಂತ ಹೆಚ್ಚಿದ್ದವು. ಬ್ಯಾಂಕ್ ಪರೀಕ್ಷೆ ಬರಿ ಎಂದರು ಒಬ್ಬರು. ಟ್ಯುಟೋರಿಯಲ್ ತೆಗಿ ಎಂದರು ಇನ್ನೊಬ್ಬರು. ಮೂಲೆ ಅಂಗಡಿಯ ಶೆಟ್ಟರು ಮಾತ್ರ, "ಅವರೆಕಾಳು ತಿನ್ನೋರನ್ನ ನೋಡಿದೀನಿ ಸ್ವಾಮಿ, ಅದರ ಹುಳ ಓದಿ ಡಾಕ್ಟರಾದೋರನ್ನ ಈಗಲೇ ನೋಡಿದ್ದು. ನೀವು ನನ್ನ ಅಂಗಡೀಲಂತೂ ಕೂತ್ಕೋಬೇಡಿ, ಗಿರಾಕಿ ಓಡಿಹೋಗ್ತಾರೆ" ಎಂದು ಒಂದು ದಾರಿಯನ್ನು ಮೊದಲೇ ಮುಚ್ಚಿಬಿಟ್ಟರು.

ಹೌದು, ನನ್ನ ಸಂಶೋಧನೆ ಅವರೆಕಾಳಿನ ಹುಳುವಿನ ಮೇಲೆ. ಕೆಂಪು ರಟ್ಟಿನ ಆ ಥೀಸಿಸ್ಸನ್ನು ಮಗುವಿನಂತೆ ಎತ್ತಿಕೊಂಡು ಸಂದರ್ಶನಗಳಿಗೆ ಹೋಗುತ್ತಿದ್ದೆ. ಸಂದರ್ಶನ ಮಾಡುವವರು ಹೆಸರು ಕೇಳಿದರೂ ಸಾಕು, ಪುಟ ತೆರೆದು ಒಂದು ಕೋಷ್ಟಕದಿಂದ ಇನ್ನೊಂದಕ್ಕೆ ದಾಟುತ್ತಿದ್ದೆ. ಎದುರಿಗಿದ್ದವರು ಗಡಿಯಾರ ನೋಡಿದರೆ, ಇಂಥ ವಿದ್ವಾಂಸ ಸಿಗುವುದು ಇಷ್ಟು ತಡವಾಯಿತಲ್ಲ ಎಂದು ಮರುಗುತ್ತಿದ್ದಾರೆ ಅಂದುಕೊಳ್ಳುತ್ತಿದ್ದೆ. "ತಿಳಿಸ್ತೀವಿ" ಎನ್ನುತ್ತಿದ್ದರು. ಯಾರೂ ತಿಳಿಸಲಿಲ್ಲ. ಅಪ್ಪ ಯುಗಾದಿಯ ಹೊತ್ತಿಗೆ ನಿವೃತ್ತರಾಗುವವರಿದ್ದರು, ತಂಗಿ ಇನ್ನೂ ಓದುತ್ತಿದ್ದಳು. ಮನೆ ನಡೆಯಬೇಕಾದರೆ ನನಗೆ ಕೆಲಸ ಸಿಗಲೇಬೇಕಿತ್ತು.

ಕೊನೆಗೆ ಕೆಂಗೇರಿ ಕಡೆಯ ಒಂದು ಕಾಲೇಜಿನಿಂದ ಕರೆ ಬಂತು. ಸಂದರ್ಶನ ಇದ್ದದ್ದು ಮಂಗಳವಾರ. ಮಂಗಳವಾರ ಒಳ್ಳೆಯ ಕೆಲಸಕ್ಕೆ ಮನೆ ಬಿಡಬಾರದು ಎಂಬುದು ಅಮ್ಮನ ಕಾನೂನು. ಅದಕ್ಕೆ ಪರಿಹಾರವೂ ಅವಳಲ್ಲೇ ಇತ್ತು: ಪರಸ್ಥಾನ. ಹಿಂದಿನ ದಿನವೇ ಒಳ್ಳೆಯ ಗಳಿಗೆಯಲ್ಲಿ ಪ್ರಯಾಣದ ಚೀಲವನ್ನು ಬೇರೆಯವರ ಮನೆಯಲ್ಲಿ ಇಟ್ಟುಬಿಟ್ಟರೆ ಹೊರಟಂತೆಯೇ ಲೆಕ್ಕ. ಸೋಮವಾರ ಸಂಜೆ ಥೀಸಿಸ್ಸು, ಸರ್ಟಿಫಿಕೇಟುಗಳ ಸಮೇತ ನನ್ನ ಚೀಲ ಎದುರುಮನೆಯ ಶರಣಮ್ಮನವರ ದೇವರ ಕೋಣೆ ಸೇರಿತು. ಬಿಜಾಪುರದ ಕಡೆಯ ಶರಣಮ್ಮ ನನ್ನನ್ನು ಸ್ವಂತ ತಮ್ಮನಂತೆ ಕಾಣುತ್ತಿದ್ದವರು.

ಬೆಳಿಗ್ಗೆ ನೋಡಿದರೆ ಎದುರುಮನೆಗೆ ಬೀಗ! ತುಮಕೂರಿನಲ್ಲಿ ಅವರ ಅಕ್ಕನಿಗೆ ಹೆರಿಗೆಯಾಯಿತೆಂದು ಸುದ್ದಿ ಬಂದು, ಗಂಡ ಹೆಂಡತಿ ನಸುಕಿನಲ್ಲೇ ಹೊರಟಿದ್ದರಂತೆ. ಅಮ್ಮ ಆ ಬೀಗವನ್ನೇ ಎರಡು ಸಲ ಎಳೆದು ನೋಡಿದಳು. ಅಪ್ಪ ಮಾತ್ರ, "ಓದಿದ್ದು ಚೀಲದಲ್ಲಿದೆಯೋ ತಲೇಲಿದೆಯೋ? ಬಸ್ ಹೋಗುತ್ತೆ, ಹೊರಡು" ಎಂದು ಗದರಿಸಿದರು.

"ಎಲ್ರೀ ನಿಮ್ಮ ಕಾಗದಪತ್ರ?" ಎಂದರು ಪ್ರಿನ್ಸಿಪಾಲರು.

"ಅವು ನಿನ್ನೆ ಸಾಯಂಕಾಲವೇ ಹೊರಟಿವೆ ಸಾರ್. ನಾನೇ ಹಿಂದೆ ಉಳ್ಕೊಂಡೆ" ಎಂದು ಪರಸ್ಥಾನದ ಕಥೆ ಹೇಳಿದೆ. ಪಕ್ಕದಲ್ಲಿದ್ದ ಹಿರಿಯರು ಕನ್ನಡಕ ತೆಗೆದು ನಕ್ಕರು. "ಹೋಗ್ಲಿ, ನಿಮ್ಮ ಹುಳದ ವಿಷಯ ಬಾಯಲ್ಲೇ ಹೇಳಿ."

ಕೈ ಅಭ್ಯಾಸದಿಂದ ಪುಟ ಹುಡುಕಿತು. ಪುಟವಿರಲಿಲ್ಲ. "ಡಬ್ಬದಲ್ಲಿಟ್ಟ ಅವರೆಕಾಳಿಗೆ ಹುಳ ಬಿದ್ದರೆ ಹೆಂಗಸರನ್ನ ಬೈತೀವಿ ಸಾರ್. ಎಷ್ಟೋ ಸಲ ಹೊಲದಲ್ಲೇ ಕಾಯಿಯ ಮೇಲೆ ಮೊಟ್ಟೆ ಇಟ್ಟಿರುತ್ತೆ. ಹುಳ ಕಾಳಿನ ಜೊತೇಲೇ ಮನೆಗೆ ಬಂದಿರುತ್ತೆ."

"ಅಯ್ಯೋ, ಇಷ್ಟು ವರ್ಷ ನಮ್ಮನೆಯವರನ್ನ ಸುಮ್ಮನೆ ಬೈದೆನಲ್ರೀ!" ಎಂದರು ಹಿರಿಯರು. ಪ್ರಿನ್ಸಿಪಾಲರು, "ಹುಡುಗರಿಗೂ ಹೀಗೇ ಹೇಳಿ, ಸಾಕು. ಸರ್ಟಿಫಿಕೇಟು ಸೇರೋ ದಿನ ತನ್ನಿ" ಎಂದರು.

ಸಂಜೆ ಶರಣಮ್ಮ ಅಳುತ್ತಲೇ ಚೀಲ ತಂದರು. "ತಪ್ಪಾತೋ ತಮ್ಮಾ. ಮನ್ಯಾಗ ಬಿಟ್ರ ಕಳ್ಳರು ಒಯ್ದಾರಂತ ಜೊತಿಗೇ ಒಯ್ದೆ. ನಿನ್ನ ಕೈಯಾಗ ಕೊಟ್ಟು ಹೋಗಬೇಕಂತ ತಲಿಗೇ ಹೊಳೀಲಿಲ್ಲ ನೋಡು." ನಾನು ಅವರ ಕಾಲಿಗೆ ಬಿದ್ದೆ. ಆ ಚೀಲ ಕೈಗೆ ಸಿಕ್ಕಿದ್ದರೆ ಇವತ್ತಿಗೂ ಯಾವುದೋ ಕಾಲೇಜಿನವರು ತಿಳಿಸುವುದನ್ನೇ ಕಾಯುತ್ತಿರುತ್ತಿದ್ದೆ. ಶರಣಮ್ಮನ ಋಣ ದೊಡ್ಡದು.

ಚೀಲದಿಂದ ಸರ್ಟಿಫಿಕೇಟುಗಳನ್ನಷ್ಟೇ ತೆಗೆದುಕೊಂಡು, ಥೀಸಿಸ್ಸನ್ನು ಮತ್ತೆ ಅವರ ಮನೆಯಲ್ಲೇ ಬಿಟ್ಟೆ. ಆದರೂ ನೆಂಟರು ಬಂದಾಗ ಅವರೆಕಾಳಿನ ಹುಳಿ ಬಡಿಸಿದರೆ ನನಗೆ ತಡೆಯಲಾಗುತ್ತಿರಲಿಲ್ಲ, ಹುಳುವಿನ ಜೀವನಚರಿತ್ರೆ ಶುರುಮಾಡಿಬಿಡುತ್ತಿದ್ದೆ. ಆಗ ಅಡುಗೆಮನೆಯಿಂದ ಅಮ್ಮನ ದನಿ ಬರುತ್ತಿತ್ತು: "ಲೋ, ಇವರು ಊಟ ಮುಗಿಸೋವರೆಗೆ ನಿನ್ನ ಬಾಯನ್ನೂ ಎದುರುಮನೇಲಿ ಪರಸ್ಥಾನ ಇಟ್ಟು ಬಾರೋ!"